ಫ್ರೀಜರ್‌ನಲ್ಲಿಟ್ಟ ಹಣ್ಣು ತಂಗಳಾ?

ಪ್ರಶ್ನೆ: ನಮ್ಮದು ವಿಜಯನಗರ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸೊಸೆ ಮೊಬೈಲ್‌ನಲ್ಲೇ ಫ್ರೋಜನ್ ಮಿಕ್ಸೆಡ್ ಫ್ರೂಟ್ ಪ್ಯಾಕೆಟ್ ತರಿಸುತ್ತಾಳೆ. ಸ್ಟ್ರಾಬೆರಿ, ಬ್ಲೂಬೆರಿ, ಮಾವು, ಅನಾನಸ್ ಎಲ್ಲ ಸೇರಿರುತ್ತದೆ. ಏಳು ವರ್ಷದ ಮೊಮ್ಮಗನಿಗೆ ಬೆಳಿಗ್ಗೆ ಅದಕ್ಕೆ ಬಾಳೆಹಣ್ಣು ಹಾಕಿ ಸ್ಮೂದಿ. ಕೆಲವು ದಿನ ಸ್ಕೂಲ್ ಡಬ್ಬಿಗೂ ಅದೇ. ತಿಂಗಳುಗಟ್ಟಲೆ ಐಸ್‌ನಲ್ಲಿ ಇದ್ದದ್ದು ತಂಗಳಲ್ವಾ? ಸತ್ವ ಏನಾದರೂ ಉಳಿದಿರುತ್ತದಾ? ನನಗೆ ಹತ್ತು ವರ್ಷದಿಂದ ಶುಗರ್ ಇದೆ, ನಾನು ತಿನ್ನಬಹುದಾ? ಇನ್ನೊಂದು ಮಾತು. ಈ ಪ್ಯಾಕೆಟ್‌ಗಳ ದೆಸೆಯಿಂದ ನನ್ನ ಹಿತಕಿದ ಅವರೆಬೇಳೆ ಇಡಲಿಕ್ಕೂ ಫ್ರೀಜರ್‌ನಲ್ಲಿ ಜಾಗ ಇಲ್ಲ!

ಉತ್ತರ: ಅಮ್ಮಾ, ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರ ಇದೆ. ಜನವರಿಯಲ್ಲಿ ಹಿತಕಿ ಫ್ರೀಜರ್‌ಗೆ ಹಾಕಿದ ಅವರೆಬೇಳೆಯನ್ನು ಯುಗಾದಿ ಆದಮೇಲೆ ತೆಗೆದು ಸಾರು ಮಾಡಿದರೆ ಯಾರಾದರೂ ತಂಗಳು ಅನ್ನುತ್ತಾರಾ? "ಈಗಲೂ ಅವರೆ ಎಲ್ಲಿ ಸಿಕ್ಕಿತು" ಅಂತ ಕೇಳಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ಸೊಸೆಯ ಪ್ಯಾಕೆಟ್ ಮಾಡುತ್ತಿರುವುದೂ ಅದೇ ಕೆಲಸ. ಯಂತ್ರ ದೊಡ್ಡದು, ಅಷ್ಟೇ.

ತಂಗಳು ಅಂದರೆ ಏನು ನೋಡಿ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಹೊತ್ತಿಗೆ ಬೇರೆ ವಾಸನೆ ಬರುವುದು ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದದ್ದಕ್ಕೆ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯುವುದಿಲ್ಲ. ಹಣ್ಣನ್ನು ಮಾಗಿಸಿ, ಆಮೇಲೆ ಕೊಳೆಸುವ ಹಣ್ಣಿನದೇ ಕಿಣ್ವಗಳೂ ಹೆಚ್ಚುಕಮ್ಮಿ ನಿದ್ದೆ ಹೋಗುತ್ತವೆ. ಹಾಗಾಗಿ ತಂಗಳು ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ಆದರೆ ಒಂದು ಎಚ್ಚರ. ಜೀವಿಗಳು ಬೆಳೆಯುವುದಿಲ್ಲ ಅಂದೆ, ಸಾಯುತ್ತವೆ ಅನ್ನಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸತ್ವದ ಮಾತು. ಎಲ್ಲರಿಗೂ ಇರುವ ಅನುಮಾನ ಒಂದೇ: ಐಸ್ ಆದರೆ ವಿಟಮಿನ್ ಹೋಗುತ್ತದೆ. ಹಣ್ಣಿನ ನಾರು ಎಲ್ಲಿಗೂ ಹೋಗುವುದಿಲ್ಲ. ಪೊಟ್ಯಾಸಿಯಂನಂಥ ಖನಿಜಗಳು ಅಲ್ಲೇ ಇರುತ್ತವೆ. ಮಾವು, ಪರಂಗಿ ಹಣ್ಣಿನ ಹಳದಿ ಬಣ್ಣದಲ್ಲಿರುವ ಬೀಟಾ ಕ್ಯಾರೋಟಿನ್, ಅಂದರೆ ದೇಹ ವಿಟಮಿನ್ ಎ ಮಾಡಿಕೊಳ್ಳುವ ಸರಕು, ಅದೂ ಬಹುಪಾಲು ಉಳಿಯುತ್ತದೆ. ಬೇಗ ಹೋಗುವ ಸ್ವಭಾವದ್ದು ವಿಟಮಿನ್ ಸಿ. ಗಾಳಿ, ಬಿಸಿ, ಬೆಳಕು ಯಾವುದನ್ನೂ ಅದು ತಡೆಯುವುದಿಲ್ಲ. ಅದು ಉಳಿದಿದ್ದರೆ ಮಿಕ್ಕದ್ದೂ ಉಳಿದಿದೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕಬಹುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು ಇದನ್ನೇ ಅಳೆದು 2015ರಲ್ಲಿ ಪ್ರಕಟಿಸಿದರು. ಸ್ಟ್ರಾಬೆರಿ, ಬ್ಲೂಬೆರಿ ಸೇರಿ ಎಂಟು ಹಣ್ಣು ತರಕಾರಿಗಳನ್ನು ಫ್ರಿಜ್‌ನಲ್ಲೂ ಫ್ರೀಜರ್‌ನಲ್ಲೂ ಇಟ್ಟು ಹೋಲಿಸಿದರು. ಐದರಲ್ಲಿ ವಿಟಮಿನ್ ಸಿ ಎರಡು ಕಡೆಯೂ ಸಮ. ಉಳಿದ ಮೂರರಲ್ಲಿ ಫ್ರೋಜನ್‌ನಲ್ಲೇ ಜಾಸ್ತಿ. ಬಟಾಣಿ, ಕ್ಯಾರೆಟ್, ಪಾಲಕ್‌ನಲ್ಲಿ ಮಾತ್ರ ಬೀಟಾ ಕ್ಯಾರೋಟಿನ್ ಇಳಿದಿತ್ತು. ಅಂದರೆ ಯಾವುದೂ ಪವಾಡ ಅಲ್ಲ, ಯಾವುದೂ ಅನಾಹುತವೂ ಅಲ್ಲ. ಹಣ್ಣಿಗೆ ಇನ್ನೊಂದು ಅನುಕೂಲ ಇದೆ. ತರಕಾರಿಯನ್ನು ಐಸ್ ಮಾಡುವ ಮೊದಲು ಕುದಿನೀರಿಗೆ ಹಾಕಿ ತೆಗೆಯುತ್ತಾರೆ, ಆಗಲೇ ಸ್ವಲ್ಪ ವಿಟಮಿನ್ ನೀರಿನ ಪಾಲಾಗುತ್ತದೆ. ಹಣ್ಣಿಗೆ ಸಾಮಾನ್ಯವಾಗಿ ಆ ಸ್ನಾನ ಇಲ್ಲ.

ಇಲ್ಲಿ ನಾವು "ಫ್ರೆಶ್" ಅನ್ನುವುದನ್ನೂ ಸ್ವಲ್ಪ ವಿಚಾರಿಸಬೇಕು. ಬೆಂಗಳೂರಿಗೆ ಏಪ್ರಿಲ್‌ನಲ್ಲಿ ಬರುವ ಕಾಶ್ಮೀರದ ಸೇಬು ಹಿಂದಿನ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಕಿತ್ತದ್ದು. ಅಷ್ಟು ದಿನ ಕೋಲ್ಡ್ ಸ್ಟೋರೇಜ್‌ನಲ್ಲಿತ್ತು. ಬಾಳೆಯನ್ನು ಕಾಯಿ ಇರುವಾಗಲೇ ಕಡಿದು ಕೋಣೆಯಲ್ಲಿಟ್ಟು ಹಣ್ಣು ಮಾಡುತ್ತಾರೆ. ಪ್ಲಾಸ್ಟಿಕ್ ಡಬ್ಬಿಯ "ತಾಜಾ" ಬ್ಲೂಬೆರಿ ಹೆಚ್ಚಾಗಿ ಕಡಲು ದಾಟಿ ಬಂದದ್ದು. ಐಸ್ ಮಾಡಲೆಂದೇ ಬೆಳೆದ ಹಣ್ಣನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಕಿತ್ತ ಮೇಲೆ ಬೇಗನೆ ಫ್ರೀಜ್ ಮಾಡುತ್ತಾರೆ. ಹಾಗಾಗಿ ಪ್ಯಾಕೆಟ್ ಬ್ಲೂಬೆರಿಯನ್ನು ಡಬ್ಬಿ ಬ್ಲೂಬೆರಿಯ ಪಕ್ಕ ಇಟ್ಟರೆ ಪ್ಯಾಕೆಟ್ ಸೋಲುವುದಿಲ್ಲ. ಅದನ್ನೇ ಬೆಳಿಗ್ಗೆ ಕಿತ್ತು ಸಂಜೆ ಗಾಡಿಗೆ ಬಂದ ಸೀಬೆಹಣ್ಣಿನ ಪಕ್ಕ ಇಡಿ, ಆಟವೇ ಬೇರೆ.

ನನ್ನ ಪ್ರಕಾರ ನಿಮ್ಮ ಮನೆಯ ಪ್ರಶ್ನೆ ಫ್ರೋಜನ್ ಒಳ್ಳೆಯದಾ, ಫ್ರೆಶ್ ಒಳ್ಳೆಯದಾ ಅನ್ನುವುದೇ ಅಲ್ಲ. ಯಾವ ಹಣ್ಣು ಅನ್ನುವುದು. 100 ಗ್ರಾಂ ಲೆಕ್ಕ ಹಿಡಿಯೋಣ. ಬ್ಲೂಬೆರಿಯಲ್ಲಿ ವಿಟಮಿನ್ ಸಿ ಸುಮಾರು 10 ಮಿಲಿಗ್ರಾಂ. ಸ್ಟ್ರಾಬೆರಿಯಲ್ಲಿ 50ರಿಂದ 60. ನಮ್ಮ ಪರಂಗಿ ಹಣ್ಣಿನಲ್ಲಿ 40ರಿಂದ 60. ಸೀಬೆಹಣ್ಣಿನಲ್ಲಿ 200ಕ್ಕೂ ಜಾಸ್ತಿ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ. ಉಪ್ಪು ಖಾರ ಹಾಕಿಸಿಕೊಂಡು ತಿನ್ನುವ ಅರ್ಧ ಸೀಬೆಯಲ್ಲೇ ಆ ದಿನದ ಕೋಟಾ ಮುಗಿಯಿತು. ನಾರಿನಲ್ಲೂ ಸೀಬೆಯೇ ಮುಂದೆ, 100 ಗ್ರಾಂಗೆ 5 ಗ್ರಾಂಗಿಂತ ಹೆಚ್ಚು. ಸ್ಟ್ರಾಬೆರಿಯದು 2 ಗ್ರಾಂ.

ಹಾಗಾದರೆ ಬ್ಲೂಬೆರಿಗೆ ಯಾಕಷ್ಟು ಹೆಸರು? ಅದರ ನೀಲಿ ಬಣ್ಣಕ್ಕೆ. ಆಂಥೋಸಯನಿನ್ ಅನ್ನುವ ಗುಂಪಿನ ಬಣ್ಣಗಳು ಅವು. ಒಳ್ಳೆಯ ಪದಾರ್ಥ, ಇಲ್ಲ ಅನ್ನುವುದಿಲ್ಲ. ಐಸ್‌ನಲ್ಲಿ ಇಟ್ಟರೂ ಚೆನ್ನಾಗಿ ಉಳಿಯುತ್ತವೆ. ಆದರೆ ಜೂನ್‌ನಲ್ಲಿ ನೇರಳೆ ಹಣ್ಣು ತಿಂದು ನಾಲಿಗೆ ಚಾಚಿ ಕನ್ನಡಿ ನೋಡಿಕೊಳ್ಳುತ್ತಿದ್ದೆವಲ್ಲ, ಆ ಬಣ್ಣವೂ ಇದೇ ಜಾತಿಯದು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಪ್ಪೆಯಲ್ಲಿರುವುದೂ ಅದೇ. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಮಕ್ಕಳು ಮೂತಿ ತಿರುಗಿಸುತ್ತಾರೆ ಅನ್ನುವುದು ನಿಜ. ಅದಕ್ಕೇ ಇರಬೇಕು, ಭೌಗೋಳಿಕ ಸೂಚಿಕೆ ಪಡೆದ ಊರಿನ ದ್ರಾಕ್ಷಿ ಜ್ಯೂಸ್, ವೈನ್‌ಗೆ ಹೋಗುತ್ತಿದೆ, ನಾವು ಪರದೇಶದ ಬೆರಿಗೆ ಕ್ಯೂ ನಿಂತಿದ್ದೇವೆ.

ಪ್ಯಾಕೆಟ್ ಹೇಗೆ ತಯಾರಾಗುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯ ಪ್ಯಾಕೆಟ್ ಯಾವುದು, ಕೆಟ್ಟದ್ದು ಯಾವುದು ಅಂತ ಕೈಯಲ್ಲಿ ಹಿಡಿದೇ ಹೇಳಬಹುದು. ಟೊಮೆಟೊ ಒಂದು ಅಪ್ಪಿತಪ್ಪಿ ಫ್ರೀಜರ್ ಸೇರಿ ಕಲ್ಲಾಗಿದ್ದು ನೋಡಿರುತ್ತೀರಿ. ಹೊರಗಿಟ್ಟರೆ ನೀರು ಬಿಟ್ಟುಕೊಂಡು ಜೋತುಬೀಳುತ್ತದೆ. ನಿಧಾನವಾಗಿ ಐಸ್ ಆಗುವಾಗ ಒಳಗಿನ ನೀರು ದೊಡ್ಡ ದೊಡ್ಡ ಹರಳು ಕಟ್ಟುತ್ತದೆ. ಆ ಹರಳುಗಳು ಜೀವಕೋಶದ ಗೋಡೆಯನ್ನು ಚುಚ್ಚುತ್ತವೆ. ಬೇಗ ಐಸ್ ಆದರೆ ಹರಳು ಸಣ್ಣದು, ಗಾಯವೂ ಸಣ್ಣದು. ಕಾರ್ಖಾನೆಯಲ್ಲಿ ಮೈನಸ್ 30 ಡಿಗ್ರಿಗೂ ಕೆಳಗಿನ ಗಾಳಿಯನ್ನು ತೂತಿನ ಬೆಲ್ಟ್‌ನ ಅಡಿಯಿಂದ ಜೋರಾಗಿ ಬಿಡುತ್ತಾರೆ. ಹೋಳುಗಳು ಪಾಪ್‌ಕಾರ್ನ್ ಹಾಗೆ ಕುಣಿಯುತ್ತಾ ಕೆಲವೇ ನಿಮಿಷದಲ್ಲಿ ಒಂದೊಂದೇ ಗಟ್ಟಿಯಾಗುತ್ತವೆ. ಪ್ಯಾಕೆಟ್ ಮೇಲೆ "ಐಕ್ಯೂಎಫ್" ಅಂತ ಇದ್ದರೆ ಇದೇ ವಿಧಾನ. ಬೇಗ ಐಸ್ ಮಾಡಿದರೆ ರುಚಿ ಕೆಡುವುದಿಲ್ಲ ಅನ್ನುವುದನ್ನು ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವ ಅಮೆರಿಕದವನು ಕಲಿತದ್ದು ಕೆನಡಾದ ಲ್ಯಾಬ್ರಡಾರ್‌ನಲ್ಲಿ, ಅಲ್ಲಿನ ಇನ್ಯೂಟ್ ಜನ ಮೀನು ಹಿಡಿದ ತಕ್ಷಣ ಕೊರೆಯುವ ಗಾಳಿಗೆ ಒಡ್ಡುವುದನ್ನು ನೋಡಿ. 1930ರಲ್ಲಿ ಅವನ ಪ್ಯಾಕೆಟ್‌ಗಳು ಅಂಗಡಿಗೆ ಬಂದವು.

ಒಂದೊಂದೇ ಗಟ್ಟಿಯಾದ ಹೋಳು ಪ್ಯಾಕೆಟ್‌ನಲ್ಲೂ ಬಿಡಿಬಿಡಿಯಾಗೇ ಇರಬೇಕು. ಅಲುಗಾಡಿಸಿದರೆ ಗೋಲಿಯ ಸದ್ದು ಬರಬೇಕು. ಹೋದ ಬೇಸಿಗೆ ಮಧ್ಯಾಹ್ನ ಎರಡು ಗಂಟೆಗೆ ನಾನೂ ಒಂದು ಪ್ಯಾಕೆಟ್ ತರಿಸಿದ್ದೆ. ಬಂದದ್ದು ಇಟ್ಟಿಗೆ. ಅಡುಗೆಮನೆ ಕಟ್ಟೆಗೆ ಕುಟ್ಟಿದರೂ ಬಿಡಲಿಲ್ಲ. ಕವರಿನ ಮೂಲೆಯಲ್ಲಿ ಕೆಂಪು ರಸ ಹೆಪ್ಪುಗಟ್ಟಿತ್ತು. ಎಲ್ಲೋ ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಕುತೂಹಲಕ್ಕೆ ಜರಡಿಯಲ್ಲಿಟ್ಟು ಕರಗಲು ಬಿಟ್ಟೆ. ಕೆಳಗಿನ ಬಟ್ಟಲಲ್ಲಿ ಅರ್ಧ ಲೋಟ ಕೆಂಪು ನೀರು, ಮೇಲೆ ಸ್ಟ್ರಾಬೆರಿ ಅಂತ ಹೇಳಿಕೊಳ್ಳುವ ಸ್ಪಂಜು. ನೀರಿನಲ್ಲಿ ಕರಗುವ ವಿಟಮಿನ್‌ಗಳಲ್ಲಿ ಒಂದು ಪಾಲು ಆ ಬಟ್ಟಲಲ್ಲೇ ಇತ್ತು. ಫೋಟೋ ಕಳಿಸಿದ ಮೇಲೆ ದುಡ್ಡು ವಾಪಸ್ ಬಂತು ಬಿಡಿ.

ಆ ನೀರು ಚೆಲ್ಲಬಾರದು ಅನ್ನುವುದು ಇದರಿಂದ ತಿಳಿಯುವ ಇನ್ನೊಂದು ವಿಷಯ. ಒಳ್ಳೆಯ ಪ್ಯಾಕೆಟ್ ಕರಗಿಸಿದರೂ ಸ್ವಲ್ಪ ರಸ ಬರುತ್ತದೆ. ಅದನ್ನೂ ಮೊಸರಿಗೆ ಸುರಿಯಿರಿ.

ಮನೆಗೆ ಬಂದಮೇಲೆ ನಿಮ್ಮ ಫ್ರೀಜರ್ ಎಷ್ಟು ತಣ್ಣಗಿದೆ ಅನ್ನುವುದು ಮುಖ್ಯ. ಫ್ರಿಜ್ ಬಾಗಿಲಿಗೆ ಅಂಟಿಸಿರುವ ಕರೆಂಟ್ ಉಳಿತಾಯದ ಸ್ಟಾರ್ ಬೇರೆ, ಫ್ರೀಜರ್‌ನ ಸ್ಟಾರ್ ಬೇರೆ. ಕೆಲವು ಫ್ರಿಜ್‌ಗಳಲ್ಲಿ ಫ್ರೀಜರ್ ಮುಚ್ಚಳದ ಮೇಲೋ ಪುಸ್ತಿಕೆಯಲ್ಲೋ ಮಂಜಿನ ಗುರುತಿನ ಸಣ್ಣ ನಕ್ಷತ್ರಗಳಿರುತ್ತವೆ. ಒಂದು ಅಂದರೆ ಮೈನಸ್ 6, ಎರಡು ಅಂದರೆ ಮೈನಸ್ 12, ಮೂರು ಅಂದರೆ ಮೈನಸ್ 18 ಡಿಗ್ರಿ. ಪ್ಯಾಕೆಟ್ ಮೇಲಿನ ತಾರೀಖು ಲೆಕ್ಕಕ್ಕೆ ಬರುವುದು ಮೈನಸ್ 18ಕ್ಕೆ. ಒಂದು ಬಾಗಿಲಿನ ಹಳೆಯ ಫ್ರಿಜ್ ಆದರೆ ಅಷ್ಟು ದಿನ ಇಡಬೇಡಿ, ಎರಡು ಮೂರು ವಾರದಲ್ಲಿ ಮುಗಿಸಿ. ಬೆಚ್ಚಗಾದಷ್ಟೂ ವಿಟಮಿನ್ ಸಿ ಬೇಗ ಇಳಿಯುತ್ತದೆ. ಕರೆಂಟ್ ಹೋದರೆ ಬಹಳ ಮನೆಗಳ ಯುಪಿಎಸ್ ಫ್ರಿಜ್‌ಗೆ ಕೊಟ್ಟಿರುವುದಿಲ್ಲ, ಆಗ ಸುಮ್ನೆ ಬಾಗಿಲು ತೆಗೆದು ತೆಗೆದು ನೋಡಬೇಡಿ. ಕರೆಂಟ್ ಬಂದಾಗ ಹೋಳಿನ ಮೇಲೆ ಇನ್ನೂ ಐಸ್ ಇದ್ದರೆ ಹಾಗೇ ಬಿಡಬಹುದು. ಪೂರ್ತಿ ಕರಗಿ ಇನ್ನೂ ತಣ್ಣಗೇ ಇದ್ದರೆ ಫ್ರಿಜ್ ಒಳಗಿಟ್ಟು ಅವತ್ತೇ ಖಾಲಿ ಮಾಡಿ. ಬೆಚ್ಚಗಾಗಿ ಗಂಟೆಗಟ್ಟಲೆ ಆಗಿದ್ದರೆ ಆಸೆ ಬಿಡಿ.

ಈಗ ನಿಮ್ಮ ಶುಗರ್ ವಿಷಯ. ಐಸ್ ಆದ ಮಾತ್ರಕ್ಕೆ ಹಣ್ಣಿನ ಸಕ್ಕರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಏರಿಸುವುದು ಕಂಪನಿ. ಹಣ್ಣು ಬಿಟ್ಟು ಬೇರೇನೂ ಹಾಕದ ಮಿಶ್ರಣದಲ್ಲಿ 100 ಗ್ರಾಂಗೆ ಸುಮಾರು 50 ಕ್ಯಾಲೊರಿ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಸಕ್ಕರೆ ಹಾಕಿದ ಫ್ರೋಜನ್ ಮಿಶ್ರಣಕ್ಕೆ 98. ಹೆಚ್ಚುಕಮ್ಮಿ ಎರಡರಷ್ಟು! ಹಾಗಾಗಿ ಕವರ್ ತಿರುಗಿಸಿ. ಎದುರಿನ ಹೊಳೆಯುವ ಚಿತ್ರ ನೋಡುವುದು ಬೇಡ. ಹಿಂದೆ ಏನೇನು ಹಾಕಿದ್ದಾರೆ ಅಂತ ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಬ್ಲೂಬೆರಿ ಚಿತ್ರ ದೊಡ್ಡದಾಗಿದ್ದು ಪಟ್ಟಿಯಲ್ಲಿ ಅದು ಕೊನೆಗೆ ಇದ್ದರೆ ನೀವು ದುಡ್ಡು ಕೊಟ್ಟದ್ದು ಅನಾನಸ್‌ಗೆ ಅಂತ ತಿಳಿಯಿರಿ. ಪೌಷ್ಟಿಕಾಂಶದ ಪಟ್ಟಿಯಲ್ಲಿ "ಆಡೆಡ್ ಶುಗರ್ಸ್" ಅನ್ನುವ ಸಾಲು ಸೊನ್ನೆ ಇರಬೇಕು. ಆಸ್ಕಾರ್ಬಿಕ್ ಆಸಿಡ್ ಅಥವಾ ಐಎನ್‌ಎಸ್ 300 ಅಂತ ಕಂಡರೆ ಗಾಬರಿ ಬೇಡ. ಅದು ವಿಟಮಿನ್ ಸಿ. ಹಣ್ಣು ಕಪ್ಪಾಗದಿರಲಿ ಅಂತ ಹಾಕುತ್ತಾರೆ.

ಸಕ್ಕರೆ ಸೇರಿಸದ ಪ್ಯಾಕೆಟ್ ಆದರೆ ನೀವು ತಿನ್ನಬಹುದು, ಅಳತೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ದಿನಕ್ಕೆ ಹಣ್ಣು 100 ಗ್ರಾಂ. ಒಂದು ಸಣ್ಣ ಬಟ್ಟಲು. ಅದರಲ್ಲೂ ಯಾವ ಹೋಳು ಅನ್ನುವುದು ಲೆಕ್ಕಕ್ಕೆ ಬರುತ್ತದೆ. 100 ಗ್ರಾಂ ಸ್ಟ್ರಾಬೆರಿಯಲ್ಲಿ ಸಕ್ಕರೆ ಸುಮಾರು 5 ಗ್ರಾಂ, ಬ್ಲೂಬೆರಿಯಲ್ಲಿ 10, ಮಾವಿನಲ್ಲಿ 14. ಮಾವಿನ ಹೋಳನ್ನು ಮೊಮ್ಮಗನ ಬಟ್ಟಲಿಗೆ ದಾಟಿಸಿ, ಅವನೂ ಬೇಡ ಅನ್ನುವುದಿಲ್ಲ. ಕುಡಿಯುವುದಕ್ಕಿಂತ ಅಗಿದು ತಿನ್ನಿ. ಲೋಟದಲ್ಲಿ ಎರಡು ಬಟ್ಟಲು ಹಣ್ಣು ಗಟಗಟ ಹೋಗುತ್ತದೆ, ಅಗಿಯುವಾಗ ಒಂದಕ್ಕೇ ಸಾಕು ಅನ್ನಿಸುತ್ತದೆ. ತಿಂದ ಎರಡು ಗಂಟೆಗೆ ಒಂದೆರಡು ಸಲ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. ನಿಮ್ಮ ದೇಹದ ಲೆಕ್ಕ ನನಗಿಂತ ಅದಕ್ಕೆ ಚೆನ್ನಾಗಿ ಗೊತ್ತು. ಕಿಡ್ನಿ ತೊಂದರೆಯೂ ಇದ್ದರೆ ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಹಣ್ಣು ಹೆಚ್ಚಿಸಬೇಡಿ.

ಸ್ಮೂದಿಗೆ ಬಾಳೆಹಣ್ಣು ಹಾಕುವ ವಿಷಯ ಬರೆದಿದ್ದೀರಿ. ಅಲ್ಲೊಂದು ತಮಾಷೆಯ ಸಂಗತಿ ಇದೆ. ಬಾಳೆಹಣ್ಣನ್ನು ಕತ್ತರಿಸಿಟ್ಟರೆ ಕಪ್ಪಾಗುತ್ತದಲ್ಲ, ಅದನ್ನು ಕಪ್ಪು ಮಾಡುವ ಕಿಣ್ವ ಬೆರಿ ಹಣ್ಣಿನ ಫ್ಲೆವನಾಲ್ ಅನ್ನುವ ಪದಾರ್ಥವನ್ನೂ ಒಡೆಯುತ್ತದೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಳೆ ಹಾಕಿದ ಸ್ಮೂದಿ ಕುಡಿದವರ ರಕ್ತದಲ್ಲಿ ಫ್ಲೆವನಾಲ್ ಮಟ್ಟ, ಅದನ್ನು ಕ್ಯಾಪ್ಸೂಲ್‌ನಲ್ಲಿ ತೆಗೆದುಕೊಂಡಾಗ ಇದ್ದದ್ದಕ್ಕಿಂತ ಶೇ. 84 ಕಡಿಮೆ ಇತ್ತು. ದುಬಾರಿ ಬೆರಿಯ ಒಳ್ಳೆಯ ಪದಾರ್ಥಗಳಲ್ಲಿ ಒಂದನ್ನು ಐದು ರೂಪಾಯಿ ಬಾಳೆಹಣ್ಣು ನುಂಗಿಬಿಡುತ್ತದೆ! ಹಾಗಂತ ಬಾಳೆಹಣ್ಣು ಕೆಟ್ಟದ್ದಲ್ಲ. ಬೆರಿ ಇರುವ ಮಿಶ್ರಣಕ್ಕೆ ಮೊಸರು ಹಾಕಿ ರುಬ್ಬಲಿ, ಬಾಳೆಹಣ್ಣನ್ನು ಹುಡುಗ ಸುಲಿದು ತಿನ್ನಲಿ. ಪುಟ್ಟಬಾಳೆ ಸುಲಿಯುವುದು ಏಳು ವರ್ಷದವನಿಗೆ ಕಷ್ಟವೇನಲ್ಲ.

ಸ್ಕೂಲ್ ಡಬ್ಬಿಗೆ ಮಾತ್ರ ಬೇಡ ಅನ್ನುತ್ತೇನೆ. ಏಳೂವರೆಗೆ ಡಬ್ಬಿ ಮುಚ್ಚಿದರೆ ಅವನು ತೆಗೆಯುವುದು ಹತ್ತೂವರೆಗೆ. ಅಷ್ಟರಲ್ಲಿ ಎಲ್ಲ ಕರಗಿ ರಸದಲ್ಲಿ ತೇಲುತ್ತಿರುತ್ತದೆ, ಪುಸ್ತಕಕ್ಕೂ ಬಣ್ಣ. ಜೊತೆಗೆ, ಮೊದಲೇ ಅಂದೆನಲ್ಲ, ಐಸ್ ಕೀಟಾಣುಗಳನ್ನು ಕೊಲ್ಲುವುದಿಲ್ಲ. ಕರಗಿ ಬೆಚ್ಚಗಾದರೆ ಬ್ಯಾಕ್ಟೀರಿಯಾ ಮತ್ತೆ ಎದ್ದು ಕೂರುತ್ತವೆ. ವೈರಸ್ ಅಂತೂ ಐಸ್‌ನಲ್ಲಿ ಆರಾಮಾಗಿರುತ್ತದೆ. 2012ರಲ್ಲಿ ಜರ್ಮನಿಯಲ್ಲಿ ಫ್ರೋಜನ್ ಸ್ಟ್ರಾಬೆರಿಯಿಂದ ನೋರೋವೈರಸ್ ಹರಡಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ವಾಂತಿ ಭೇದಿ ಆಗಿತ್ತು, ಅದರಲ್ಲಿ ಬಹಳಷ್ಟು ಶಾಲಾ ಮಕ್ಕಳು. ಇಂಥದ್ದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಮನೆಯಲ್ಲಿ ಬಸುರಿಯರೋ, ಬಹಳ ನಿಶ್ಶಕ್ತರೋ ಇದ್ದರೆ ಫ್ರೋಜನ್ ಬೆರಿಯನ್ನು ಒಂದೆರಡು ನಿಮಿಷ ಕುದಿಸಿ ಆರಿಸಿ ಕೊಡಿ. ಸ್ವಲ್ಪ ವಿಟಮಿನ್ ಸಿ ಹೋಗಲಿ ಬಿಡಿ. ಡಬ್ಬಿಗೆ ಸೀಬೆ, ಪರಂಗಿ, ಚಳಿಗಾಲದಲ್ಲಿ ಕಿತ್ತಳೆ, ಯಾವುದಿದೆಯೋ ಅದು. ಪ್ಯಾಕೆಟ್ ಹಣ್ಣು ಸಂಜೆಗೆ ಮನೆಯಲ್ಲಿ. ಫ್ರಿಜ್‌ನಲ್ಲಿಟ್ಟು ಕರಗಿಸಿ, ಹೊರಗೆ ಕಟ್ಟೆಯ ಮೇಲೆ ಬೇಡ. ತಣ್ಣಗಿನ ಹಣ್ಣಿನಿಂದ ನೆಗಡಿ ಬರುತ್ತದೆ ಅಂತ ಪಕ್ಕದ ಮನೆಯವರು ಅಂದರೆ, ನೆಗಡಿ ಬರುವುದು ವೈರಸ್‌ನಿಂದ ಅಂತ ನಗುತ್ತಾ ಹೇಳಿ.

ಸೊಸೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಬೆಳಿಗ್ಗೆ ಏಳಕ್ಕೆ ಅನಾನಸ್ ಸಿಪ್ಪೆ ಕೆತ್ತಿ, ಕಣ್ಣು ತೆಗೆದು, ಮಾವು ಹೆಚ್ಚಿ ಆಮೇಲೆ ಆಫೀಸಿಗೆ ಹೊರಡುವುದು ಆಗುವ ಮಾತಲ್ಲ. ನನ್ನ ಹತ್ತಿರ ಸಲಹೆಗೆ ಬರುವ ಎಷ್ಟೋ ಜನರ ಮನೆಗಳಲ್ಲಿ ಫ್ರೆಶ್ ಹಣ್ಣು ಡೈನಿಂಗ್ ಟೇಬಲ್ ಮೇಲೆ ಬುಟ್ಟಿಯಲ್ಲಿ ಚಂದವಾಗಿ ಕೂತು, ಚುಕ್ಕೆ ಬಿದ್ದು, ಶನಿವಾರ ಹಸಿ ಕಸದ ಬಕೆಟ್ ಸೇರುತ್ತದೆ. ತಿಂದ ಫ್ರೋಜನ್ ಹಣ್ಣು ತಿನ್ನದ ಫ್ರೆಶ್ ಹಣ್ಣಿಗಿಂತ ನೂರು ಪಾಲು ವಾಸಿ. ಹುಡುಗ ಆ ಪ್ಯಾಕೆಟ್‌ನಿಂದಾದರೂ ದಿನಕ್ಕೊಂದು ಬಟ್ಟಲು ಹಣ್ಣು ತಿನ್ನುತ್ತಿದ್ದಾನೆ ಅಂದರೆ ನಿಲ್ಲಿಸಬೇಡಿ. ವಾರಕ್ಕೆ ಎರಡು ಮೂರು ದಿನ ಪ್ಯಾಕೆಟ್, ಉಳಿದ ದಿನ ಗಾಡಿಯದ್ದೋ ಹಾಪ್‌ಕಾಮ್ಸ್‌ದೋ. ಹೆಚ್ಚಿ ಕೊಡುವ ಕೆಲಸ ನಿಮ್ಮ ಪಾಲಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅದಕ್ಕಿಂತ ಒಳ್ಳೆಯ ಉಪಾಯ, ನೀವೇ ಪ್ಯಾಕೆಟ್ ಮಾಡುವುದು. ಶ್ರೀನಿವಾಸಪುರದ ಮಾವು ತುಂಬಿ ಬರುವ ದಿನಗಳಲ್ಲಿ ಬಾದಾಮಿಯೋ ಮಲ್ಲಿಕಾನೋ ನಾಲ್ಕು ಕೆಜಿ ತನ್ನಿ. ರಸಪುರಿ ಬೇಡ, ಅದು ಹಿಂಡಿ ತಿನ್ನುವ ಹಣ್ಣು, ಹೋಳು ನಿಲ್ಲುವುದಿಲ್ಲ. ತೊಳೆದು, ಚೆನ್ನಾಗಿ ಒರೆಸಿ, ಹೋಳು ಮಾಡಿ. ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರ ಹರಡಿ ನಾಲ್ಕೈದು ಗಂಟೆ ಫ್ರೀಜರ್‌ನಲ್ಲಿಡಿ. ಸ್ಟೀಲ್ ಬೇಗ ತಣ್ಣಗಾಗುತ್ತದೆ, ಹರಳು ಸಣ್ಣದಾಗಿ ಕಟ್ಟುತ್ತದೆ. ಕಲ್ಲಾದ ಮೇಲೆ ಜಿಪ್ ಕವರಿಗೆ ಹಾಕಿ, ಗಾಳಿ ಪೂರ್ತಿ ಒತ್ತಿ ತೆಗೆದು, ತಾರೀಖು ಬರೆಯಿರಿ. ಕಾರ್ಖಾನೆಯಷ್ಟು ಗಟ್ಟಿ ಬರುವುದಿಲ್ಲ, ಮಿಲ್ಕ್‌ಶೇಕ್‌ಗೆ ಧಾರಾಳ ಸಾಕು. ಹಲಸಿನ ತೊಳೆಯನ್ನೂ ಬೀಜ ತೆಗೆದು ಹೀಗೇ ಇಡಬಹುದು. ನೇರಳೆಯನ್ನು ಬೀಜ ಬಿಡಿಸಿ ಇಟ್ಟರೆ ಅದೇ ನಿಮ್ಮ ಮನೆಯ ಬ್ಲೂಬೆರಿ. ಸೀತಾಫಲ ಆದರೆ ತಿರುಳು ಮಾತ್ರ.

ಜಾಗದ ಚಿಂತೆ ಬೇಡ. ಹಿತಕಿದ ಬೇಳೆ ಫ್ರೀಜರ್ ಸೇರುವುದು ಸಂಕ್ರಾಂತಿ ಹೊತ್ತಿಗೆ, ನಿಮ್ಮ ಮನೆಯಲ್ಲಿ ಅದು ಯುಗಾದಿ ದಾಟಿದರೆ ಹೆಚ್ಚು. ಮಾವು ಬರುವುದು ಮೇನಲ್ಲಿ, ಅಷ್ಟರಲ್ಲಿ ಆ ಮೂಲೆ ಖಾಲಿ. ಡಿಸೆಂಬರ್‌ನಲ್ಲಿ ಮತ್ತೆ ಅವರೆ ಸೊಗಡು ಬೀದಿಗೆ ಬರುವ ಹೊತ್ತಿಗೆ ಮಾವಿನ ಕೊನೆಯ ಕವರನ್ನು ಮೊಮ್ಮಗ ಮುಗಿಸಿರುತ್ತಾನೆ.